ಮೇಡಂ ದನಿಯಲ್ಲಿ ಇಳಿದ ಬಕೆಟ್‌ಗಳು

ಕಾಲೇಜಿನಲ್ಲಿ ನಾನು ಅನುಕರಿಸದ ದನಿ ಒಂದೇ, ನನ್ನದು. ಅದನ್ನು ಕೇಳಿ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಕೇಳಿ ಮಾಡಿಸುತ್ತಿದ್ದುದು ಧಾರವಾಡ ಕಡೆಯ ಮೇಡಂ ದನಿಯನ್ನು.

ಅವರು ಕಡಲ ವಿಜ್ಞಾನಿ. ತಿಂಗಳಿಗೊಮ್ಮೆ ನಮ್ಮನ್ನು ಕಾಲೇಜಿದ್ದ ಕ್ರೋಂಪೇಟೆಯಿಂದ ಬಸ್ಸಿನಲ್ಲಿ ಅಡ್ಯಾರ್ ನದಿ ಕಡಲು ಸೇರುವಲ್ಲಿಗೆ ಕರೆದೊಯ್ಯುತ್ತಿದ್ದರು. ದಡದುದ್ದಕ್ಕೂ ದೂರ ದೂರ ಮೊಣಕಾಲು ನೀರಿನಲ್ಲಿ ನಿಂತು, ಎಲ್ಲರೂ ಒಟ್ಟಿಗೆ ಬಕೆಟ್ ಇಳಿಸಿ ನೀರೆತ್ತಬೇಕು. ಅದರ ಬಿಸಿ, ಉಪ್ಪು ಅಳೆಯಬೇಕು. ಒಬ್ಬರು ಮುಂಚೆ, ಒಬ್ಬರು ತಡವಾದರೆ ನದಿ ನೀರು ಎಲ್ಲಿಯವರೆಗೆ ಹರಡಿದೆಯೆಂಬ ಲೆಕ್ಕ ಕೆಡುತ್ತದೆ. ಹಿಂದೊಮ್ಮೆ ಒಂದು ಫೋನು ಕಡಲ ಪಾಲಾದದ್ದರಿಂದ ಎಲ್ಲರ ಫೋನೂ ಬಸ್ಸಿನಲ್ಲೇ. ಮೇಡಂ ಕೂಗೇ ನಮಗೆ ಗಡಿಯಾರ: "ಇರಕ್ಕುಂಗ ರೀ..." ಇಳಿಸಿ ಎನ್ನುವ ತಮಿಳಿಗೆ ಧಾರವಾಡದ ಬಾಲ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅದೇ ನನ್ನ ಸಂಗೀತ ಕಛೇರಿ.

ಒಂದು ತಿಂಗಳು ಅವರ ಗಂಟಲು ಕಟ್ಟಿತು. ಕೈ ಬೀಸಿದರು. ನಮ್ಮವರೂ ಪ್ರೀತಿಯಿಂದ ತಿರುಗಿ ಕೈ ಬೀಸಿದರು. ಕಡಲ ಇಳಿತ ಶುರುವಾಗುವುದರಲ್ಲಿತ್ತು, ಅದಕ್ಕೆ ಮುಂಚೆ ನೀರೆತ್ತದಿದ್ದರೆ ಎಂದೂ ತಪ್ಪಿರದ ಅವರ ತಿಂಗಳ ಅಳತೆಗಳ ಸಾಲಿನಲ್ಲಿ ಒಂದು ತೂತು ಬೀಳುವುದರಲ್ಲಿತ್ತು.

ಮೇಡಂ ಪಕ್ಕದಲ್ಲಿದ್ದ ನನ್ನ ತೋಳು ಹಿಡಿದು ಪಿಸುಗುಟ್ಟಿದರು. "ತಮ್ಮಾ, ನನ್ನ ಹಂಗ ಒದರು."

"ಸತ್ಯವಾಗ್ಲೂ ನಂಗೆ ಬರಲ್ಲ ಮೇಡಂ."

"ಬಸ್ಸಿನ್ಯಾಗ ಪ್ರತಿ ಸಲ ಬರತದ. ಇಲ್ಲಿ ಬರಂಗಿಲ್ಲೇನು?"

ನನ್ನ ಕಿವಿಗೆ ಥರ್ಮಾಮೀಟರ್ ಇಟ್ಟಿದ್ದರೆ ಆ ತಿಂಗಳ ದಾಖಲೆ ಅದೇ ಆಗುತ್ತಿತ್ತು. ಕೂಗಿದೆ. ಬಾವಿಗೆ ಬಿದ್ದ ಮೇಕೆಯ ದನಿ ಹೊರಟಿತು. ಯಾರೂ ಕದಲಲಿಲ್ಲ.

"ಕಡೀ 'ರೀ' ಎಳೀಬೇಕಪಾ. ಅಲ್ಲಿ ಛಲೋ ಎಳೀತಿ."

ಕಣ್ಣು ಮುಚ್ಚಿ, ಹಿಂದಿನ ಸೀಟು ನೆನೆದು, ಎಳೆದೆ. ದಡದುದ್ದಕ್ಕೂ ಬೆನ್ನುಗಳು ಒಟ್ಟಿಗೆ ಬಾಗಿದವು. ಬಕೆಟ್‌ಗಳು ಇಳಿದವು.

ಮೇಡಂ ಅವನ್ನೇ ನೋಡುತ್ತ ಕೇಳಿದರು, "ನಾ ಇಷ್ಟು ಮೂಗಿನ್ಯಾಗ ಮಾತಾಡ್ತೀನೇನು?"

"ಇಲ್ಲ ಮೇಡಂ, ನನ್ನ ಮೂಗು ಸ್ವಲ್ಪ ಜಾಸ್ತಿ."

ಈಗ ಅವರು ಬೇರೆ ಯಾವುದೋ ಕರಾವಳಿಯಲ್ಲಿದ್ದಾರೆ. ಮೊನ್ನೆ ಅಂದು ಬಕೆಟ್ ಹಿಡಿದಿದ್ದ ಗೆಳೆಯನೊಬ್ಬನ ಜೊತೆ ಅದೇ ದಡದಲ್ಲಿ ಕಡಲೆ ಸುಂಡಲ್ ತಿನ್ನುತ್ತಿದ್ದಾಗ, ಸುಮ್ಮನೆ, ಕಡಲಿಗೆ ಮುಖ ಮಾಡಿ ಆ ಕೂಗು ಹಾಕಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಪೊಟ್ಟಣವನ್ನು ಮರಳ ಮೇಲಿಟ್ಟು ಪ್ಯಾಂಟು ಮೊಣಕಾಲವರೆಗೆ ಮಡಚತೊಡಗಿದ.