ವಿಲಾಸಿನಿಯ ಕಪ್ಪು ಕಿಟಕಿ

ಕೋಳಿಕ್ಕೋಡಿನ ಆ ಸಂಜೆ ಪತ್ರಿಕೆಯಲ್ಲಿ ಸತ್ತವರ ಪುಟ ವಿಲಾಸಿನಿಯದು. ಊರೂರಿನ ವರದಿಗಾರರು ಕಳಿಸುವ ನಿಧನ ವಾರ್ತೆಗಳನ್ನು ತಿದ್ದಿ, ಯಾವ ಫೋಟೋ ಯಾರದೆಂದು ಹೊಂದಿಸಿ, ಪುಟ ಕಟ್ಟುವ ಶೈಜುವಿಗೆ ದಾಟಿಸುವುದು ಅವಳ ಕೆಲಸ. ಊಟದ ಹೊತ್ತಿಗೆ ಪುಟ ಅಚ್ಚಿಗೆ ಹೋಗಬೇಕು. ಮಧ್ಯಾಹ್ನದ ಬಸ್ಸುಗಳಲ್ಲಿ ಪತ್ರಿಕೆ ಕೊಯಿಲಾಂಡಿ, ಪಯ್ಯೋಳಿ, ವಡಕರ ದಾಟಬೇಕು.

"ಇವತ್ತು ಎಷ್ಟು ಜನಕ್ಕೆ ಟಿಕೆಟ್ ಹರಿದ್ರಿ ಚೇಚಿ?" ಎಂದು ಶೈಜು ದಿನಾ ಬೆಳಿಗ್ಗೆ ಅಕ್ಕನನ್ನು ರೇಗಿಸುವ ಹಾಗೆ ರೇಗಿಸುತ್ತಿದ್ದ.

"ಒಂದು ಸೀಟು ಖಾಲಿ ಇದೆ ಕಣೋ. ಬರ್ತೀಯಾ?" ಎಂದು ಅವಳೂ ಬಿಡುತ್ತಿರಲಿಲ್ಲ.

ಅವಳ ಕಣ್ಣು ಹೋಗುತ್ತಿದೆ ಎಂಬುದು ಆ ಆಫೀಸಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಅದು ಅಪ್ಪನಿಂದ ಬಂದದ್ದು. ನೇಕಾರ ಚಾತ್ತುವಿನ ಕಣ್ಣು ಮೊದಲು ರಾತ್ರಿ ಹೋಯಿತು, ಆಮೇಲೆ ಅಕ್ಕಪಕ್ಕ ಹೋಯಿತು, ಕೊನೆಗೆ ಕೊಳವೆಯಲ್ಲಿ ಇಣುಕಿದಷ್ಟೇ ಉಳಿದು ಅದೂ ಮುಚ್ಚಿಕೊಂಡಿತು. ಮಗ್ಗ ಬಿಟ್ಟು ಜಗಲಿ ಸೇರಿದ ಮೇಲೆ ಆ ಮನುಷ್ಯನನ್ನು ಯಾರೂ ಮಾತಾಡಿಸಲಿಲ್ಲ. ಮನೆಗೆ ಬಂದವರು ಅವನ ಎದುರಿಗೇ ಹೆಂಡತಿಯನ್ನು ಕೇಳುತ್ತಿದ್ದರು: "ಇವನು ಊಟ ಮಾಡಿದನಾ? ಇವನಿಗೆ ನಿದ್ದೆ ಬರುತ್ತಾ?" ಅಪ್ಪ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದ. ಒಂದು ದಿನ ವಿಲಾಸಿನಿ ತಡೆಯಲಾರದೆ, "ಅವರನ್ನೇ ಕೇಳಿ, ಕಿವಿ ಏನೂ ಹೋಗಿಲ್ಲ" ಎಂದುಬಿಟ್ಟಿದ್ದಳು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ನಲವತ್ತು ದಾಟುವ ಹೊತ್ತಿಗೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯಲು ಶುರುವಾದಾಗ, ಡಾಕ್ಟರ ಬಳಿ ಹೋಗುವ ಮೊದಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು.

ಗಂಡ ರಘೂತ್ತಮನ್ ಕಲ್ಲಾಯಿಯ ಮರದ ಡಿಪೋದಲ್ಲಿ ಕೆಲಸಕ್ಕಿದ್ದ. ಅವನು ಒಂದೇ ಮಾತು ಹೇಳಿದ: "ಆಫೀಸಲ್ಲಿ ಹೇಳ್ಬಿಡು ವಿಲಾಸಿನೀ."

"ಹೇಳಿದ್ರೆ ಮಾರನೇ ದಿನದಿಂದ ನಾನು ಜಗಲಿ ಮೇಲಿನ ಅಪ್ಪ. ಸ್ವಲ್ಪ ದಿನ ಹೋಗ್ಲಿ."

ಆ ಸ್ವಲ್ಪ ದಿನವನ್ನು ಅವಳಿಗೆ ಕೊಡಿಸಿದವರು ಅಚ್ಯುತನ್ ಮಾಷ್. ಹುಟ್ಟಿನಿಂದ ಕಣ್ಣಿಲ್ಲದ ಮಾಷ್ ನಡಕ್ಕಾವಿನ ಒಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ ಕುರುಡರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಮೊದಲ ದಿನ ವಿಲಾಸಿನಿ ಮೇಜಿನ ಮೇಲೆ ಕೈಯಾಡಿಸಿ, "ಮೌಸ್ ಎಲ್ಲಿ ಮಾಷೇ?" ಎಂದಳು.

"ಇಲಿ ಕಣ್ಣಿದ್ದೋರು ಸಾಕೋ ಪ್ರಾಣಿ. ನಮ್ಮಲ್ಲಿ ಇಲ್ಲ" ಎಂದರು ಮಾಷ್.

ಅವರು ಕಲಿಸಿದ್ದು ಕಪ್ಪು ಕಿಟಕಿಯನ್ನು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬಣ್ಣವಿಲ್ಲ. ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಯಂತ್ರ ಒಂದು ಸಾಲು ಉತ್ತರ ಕೊಡುತ್ತದೆ. ಆ ಉತ್ತರವನ್ನು ಮೂಗಿನಲ್ಲಿ ಮಾತಾಡುವ ಒಂದು ದನಿ ಕಿವಿಗೆ ಓದಿ ಹೇಳುತ್ತದೆ. ಬೆರಳಿಗೆ ಅಕ್ಷರ ಗೊತ್ತಿದ್ದರೆ ಸಾಕು, ಕಣ್ಣಿನ ಹಂಗಿಲ್ಲ.

"ನೋಡು, ಕಂಪ್ಯೂಟರಿಗೂ ಮನೆಯ ಹಾಗೇ ಒಂದು ರೂಢಿ ಇರುತ್ತೆ" ಎಂದು ಮಾಷ್ ವಿವರಿಸಿದ್ದರು. "ಬಾಗಿಲು ತಟ್ಟಿದ್ದು ಪತ್ರವಾದ್ರೆ ಯಾರು ಎದ್ದು ತೆಗೀಬೇಕು, ಹಾಡಾದ್ರೆ ಯಾರು, ಫೋಟೋ ಆದ್ರೆ ಯಾರು, ಎಲ್ಲ ಮೊದಲೇ ಗೊತ್ತುಮಾಡಿಟ್ಟಿರ್ತಾರೆ. ಗೊತ್ತುಮಾಡಿದೋರು ಕಣ್ಣಿದ್ದೋರು. ಅವರು ನೇಮಿಸಿದ ಆಳು ಮೂಗ, ನಿನಗೆ ಏನೂ ಹೇಳಲ್ಲ. ಅವನನ್ನ ಕೆಳಗಿಳಿಸಿ ಮಾತಾಡೋ ಆಳನ್ನ ಕೂರಿಸು. ಅದಕ್ಕೆ ಒಂದೇ ಸಾಲು ಸಾಕು."

ಎಕ್ಸ್, ಡಿ, ಜಿ, ಅಡ್ಡಗೆರೆ, ಮೈಮ್, ಜಾಗ, ಡಿಫಾಲ್ಟ್ ಎಂದು ಶುರುವಾಗುವ ಆ ಸಾಲನ್ನು ವಿಲಾಸಿನಿ ಬಸ್ಸಿನಲ್ಲಿ ನಿಂತು, ಮೀನು ತೊಳೆಯುತ್ತ, ಬಾಯಿಪಾಠ ಮಾಡಿದಳು. ಆಮೇಲೆ ಮಾಷೇ ಕೂತು ಅವಳಿಗೊಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಟ್ಟರು. ವರದಿಗಾರರು ಫೋಟೋ ಕಳಿಸುವಾಗ ಅದರ ಒಳಗೇ, ಮೇಲಕ್ಕೆ ಕಾಣದ ಹಾಗೆ, ಅದು ಯಾರೆಂದು ಬರೆದಿರುತ್ತಾರೆ. ಆ ಪ್ರೋಗ್ರಾಮ್ ಫೋಟೋವನ್ನು ಪರದೆ ತುಂಬ ಹಿಗ್ಗಿಸಿ ತೆರೆದು, ಒಳಗೆ ಬರೆದ ಹೆಸರನ್ನು ಓದಿ ಹೇಳುತ್ತಿತ್ತು. ಆಫೀಸಿನ ತನ್ನ ಕಂಪ್ಯೂಟರಿನಲ್ಲಿ ವಿಲಾಸಿನಿ ಅದನ್ನು ಇಳಿಸಿ, ಇನ್ನು ಮುಂದೆ ಫೋಟೋ ಎಂದರೆ ಇದೇ ತೆರೆಯಬೇಕು ಎಂದು ಒಂದು ಸಾಲಿನಲ್ಲಿ ಆಜ್ಞೆ ಮಾಡಿಟ್ಟಳು. ಕೂದಲ ಮರೆಯಲ್ಲಿ ಇಯರ್‌ಫೋನು. ಕೇಳಿದವರಿಗೆ, "ಹಳೇ ಹಾಡು ಕೇಳ್ತೀನಪ್ಪ."

ಹಾಗೆ ಎರಡು ಓಣಂ ಕಳೆದವು. ಕೆಲಸ ಮೊದಲಿಗಿಂತ ಚುರುಕಾಗಿಯೇ ಸಾಗಿತು. ಕೊಳವೆ ಕಿರಿದಾಗುತ್ತಲೇ ಇತ್ತು. ಶೈಜು ಚಹಾ ಲೋಟ ಇಟ್ಟ ಸದ್ದು ಕೇಳಿ ಕೈ ಹೊರಳಿಸಿ ಹಿಡಿಯುವುದು, ಮೆಟ್ಟಿಲನ್ನು ಕಾಲ್ಬೆರಳಿನಿಂದ ಹುಡುಕುವುದು, ಎದುರಿಗೆ ಯಾರೋ ನಿಂತರೆ ಮಾತಾಡುವವರೆಗೂ ನಗುತ್ತಿರುವುದು, ಎಲ್ಲ ರೂಢಿಯಾಯಿತು. "ಚೇಚಿಗೆ ಈಚೆಗೆ ನಗು ಜಾಸ್ತಿ" ಎಂದು ಹುಡುಗಿಯರು ಆಡಿಕೊಂಡರು.

ವಿಷು ಹಬ್ಬದ ರಜೆ ಮುಗಿಸಿ ಬಂದ ದಿನ ಅವಳು ಕಂಪ್ಯೂಟರ್ ಮುಂದೆ ಕೂತು ಇಯರ್‌ಫೋನ್ ಸಿಕ್ಕಿಸಿದರೆ ಒಳಗೆ ನಿಶ್ಶಬ್ದ.

"ರಜೆಯಲ್ಲಿ ಎಲ್ಲ ಮಷೀನಿಗೂ ಹೊಸದಾಗಿ ಸಿಸ್ಟಮ್ ಹಾಕ್ಸಿದ್ರು ಚೇಚಿ. ಹೆಂಗೆ ಪಳಪಳ ಅಂತಿದೆ ನೋಡಿ" ಎಂದ ಶೈಜು ಪಕ್ಕದ ಮೇಜಿನಿಂದ.

ಮಾಷ್ ಕಲಿಸಿದ ಕೀಲಿಗಳನ್ನೊತ್ತಿ ದನಿಯನ್ನೇನೋ ಎಬ್ಬಿಸಿದಳು. ಕಪ್ಪು ಕಿಟಕಿ ತೆರೆದು, ಫೋಟೋ ಬಂದರೆ ಈಗ ಯಾರು ತೆರೆಯುತ್ತಾರೆ ಎಂದು ಕೇಳಿದಳು. ಆ ಮೂಗುದನಿ ಹೇಳಿದ್ದು ಬೇರೆ ಯಾರದೋ ಹೆಸರು. ಅವಳು ನೇಮಿಸಿದ ಆಳು ಹೋಗಿಬಿಟ್ಟಿದ್ದ, ಪ್ರೋಗ್ರಾಮೂ ಅಳಿಸಿಹೋಗಿತ್ತು. ಅದರ ಪ್ರತಿ ಚೀಲದಲ್ಲಿದ್ದ ಪೆನ್‌ಡ್ರೈವಿನಲ್ಲಿತ್ತು. ಹಾಕಿ, ಆ ಒಂದು ಸಾಲು ಟೈಪ್ ಮಾಡಿ, ಸರಿಯಾಯಿತೇ ಎಂದು ನೋಡುವಷ್ಟು ಪುರುಸೊತ್ತು ಸಿಕ್ಕಿದ್ದರೆ ಸಾಕಿತ್ತು.

ಸಿಗಲಿಲ್ಲ. ಬೆಳಿಗ್ಗೆಯೇ ರಾಮನಾಟ್ಟುಕರದ ಬಳಿ ಲಾರಿಯೊಂದು ಬಸ್ಸಿಗೆ ಗುದ್ದಿತ್ತು. ಮೊದಲ ಪುಟಕ್ಕೆ ಸಮಯ ಬೇಕೆಂದು ಸುದ್ದಿ ಸಂಪಾದಕ ಕೋಯ ಸಾರ್ ಒಳಪುಟಗಳನ್ನು ಆಗಲೇ ಅಚ್ಚಿಗೆ ಕಳಿಸುತ್ತ ಬಂದು ಅವಳ ಬೆನ್ನ ಹಿಂದೆ ನಿಂತರು.

"ವಿಲಾಸಿನೀ, ನಿನ್ನ ಪುಟ ಅಚ್ಚಿಗೆ ಬಿಡು. ಏನದು ಕಪ್ಪು ಪರದೆ? ಮುಚ್ಚು ಅದನ್ನ. ಹೊಸ ಸಿಸ್ಟಮ್‌ಗೆ ಏನಾದ್ರೂ ಮಾಡಿ ಕೆಡಿಸ್ಬೇಡ."

"ಒಂದು ಹತ್ತು ನಿಮಿಷ ಸಾರ್."

"ಹತ್ತು ನಿಮಿಷ ಇದ್ದಿದ್ರೆ ನಾನು ಇಲ್ಲಿ ಬಂದು ನಿಲ್ತಿದ್ನಾ?"

ಅವಳು ಕಿಟಕಿ ಮುಚ್ಚಿದಳು. ಹೆಂಗಸರ ಫೋಟೋ, ಮಸೀದಿಯ ಗುರು, ಗಡ್ಡದ ಮುಸಲಿಯಾರರ ಫೋಟೋ, ಹೇಗೋ ಹೊಂದಿದವು. ಉಳಿದದ್ದು ಪಯ್ಯೋಳಿಯ ವರದಿಗಾರ ಒಟ್ಟಿಗೆ ಕಳಿಸಿದ ಎರಡು. ಒಂದು, ತೀರಿಕೊಂಡ ಕೃಷ್ಣನ್‌ಕುಟ್ಟಿ ಎಂಬವರದು. ಇನ್ನೊಂದು, ವಾಲಿಬಾಲ್ ತಂಡಕ್ಕೆ ಆಯ್ಕೆಯಾದ ನಿಜೀಷ್ ಎಂಬ ಹುಡುಗನದು; ಅದು ಆಟದ ಪುಟಕ್ಕೆ ಹೋಗಬೇಕು. ಅವಳು ಮೊದಲನೆಯದನ್ನು ತೆರೆದಳು. ಕೊಳವೆಯ ತುದಿಯಲ್ಲಿ ಒಂದು ಮೀಸೆ, ಬಿಳಿ ಕಾಲರು. ಎರಡನೆಯದನ್ನು ತೆರೆದಳು. ಮೀಸೆ, ಕಾಲರು. ಒಂದರಲ್ಲಿ ಮುಖ ಎಳೆಯದೆಂದು ಅನಿಸಿತು, ಇನ್ನೊಂದು ಬರೀ ಮಂಜು. ಆದರೆ ವಯಸ್ಸನ್ನು ನಂಬುವ ಹಾಗಿರಲಿಲ್ಲ. ಸತ್ತವರ ಮನೆಯವರು ಹರೆಯದ ಫೋಟೋ ಹುಡುಕಿ ಕೊಡುವುದು ಅವಳು ಎಷ್ಟೋ ಸಲ ಕಂಡದ್ದು.

ಶೈಜು ಕೈಗೆಟುಕುವ ದೂರದಲ್ಲಿದ್ದ. "ಶೈಜೂ, ಇವರಲ್ಲಿ ಕೃಷ್ಣನ್‌ಕುಟ್ಟಿ ಯಾರೋ ಸ್ವಲ್ಪ ನೋಡು" ಎಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆ ತುದಿಗೂ ಬಂತು. ಹಿಂದೆ ಕೋಯ ಸಾರ್ ಉಸಿರು ಬಿಡುತ್ತಿದ್ದರು. ಯಾಕೆ, ನಿಮಗೆ ಕಾಣಲ್ವಾ ಎಂದು ಒಬ್ಬರು ಕೇಳಿದರೆ ಸಾಕು, ಜಗಲಿ ಕಣ್ಮುಂದೆ ಬಂತು.

"ಕೃಷ್ಣನ್‌ಕುಟ್ಟಿ ಎರಡನೇದು" ಎಂದಳು ಶೈಜುವಿಗೆ.

ಪತ್ರಿಕೆ ಪಯ್ಯೋಳಿಗೆ ಮುಟ್ಟಿದಾಗ ನಿಜೀಷನ ತಾಯಿ ಜಾನು ಹಿತ್ತಲಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಳು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಮಗ ತಂಡ ಸೇರಿಕೊಳ್ಳಲು ಬೆಳಿಗ್ಗೆಯೇ ಪಾಲಕ್ಕಾಡಿನ ರೈಲು ಹತ್ತಿದ್ದ. ಓದು ಬಾರದ ನೆರೆಮನೆಯವಳು ಮೀನು ಕಟ್ಟಿಸಿಕೊಂಡು ಬರುವಾಗ ಅಂಗಡಿಯಲ್ಲಿ ನೇತುಹಾಕಿದ್ದ ಪತ್ರಿಕೆಯಲ್ಲಿ ಮುಖ ನೋಡಿ, ಅದನ್ನು ಕಿತ್ತುಕೊಂಡೇ ಓಡಿಬಂದಳು. ಕೆಳಗಿದ್ದ ಹೆಸರು ಬೇರೆ, ವಯಸ್ಸು ಬೇರೆ, ಮನೆ ಬೇರೆ. ಜಾನುವಿಗೂ ಓದು ಬಾರದು. ಅವಳು ಕಂಡದ್ದು ಸತ್ತವರ ಸಾಲಿನಲ್ಲಿ ಮಗನ ಮುಖ. ಫೋನ್ ಮಾಡಿಸಿದರು. ರೈಲಿನಲ್ಲಿದ್ದವನು ಸಿಗಲಿಲ್ಲ. ಮತ್ತೆ ಮಾಡಿಸಿದರು. ಮೂರನೆಯ ಸಲ ಬೇಡವೆಂದು ಕೈಯೆತ್ತಿದವಳು ಎತ್ತಿದ ಕೈಯಲ್ಲೇ ಅಂಗಳಕ್ಕೆ ಬಿದ್ದಳು. ಮಗ ಮರುದಿನ ಆಸ್ಪತ್ರೆಗೆ ಬಂದಾಗ ಅವಳ ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು.

ಸುದ್ದಿ ಆಫೀಸಿಗೆ ಮುಟ್ಟಿದಾಗ ಕೋಯ ಸಾರ್ ವಿಲಾಸಿನಿಯನ್ನು ಕೋಣೆಗೆ ಕರೆದರು. ಶೈಜುವೂ ಇದ್ದ. ಸಾರ್ ಕೂಗಾಡಲಿಲ್ಲ. ಎರಡೂ ಫೋಟೋಗಳನ್ನು ಕಾಗದದ ಮೇಲೆ ದೊಡ್ಡದಾಗಿ ತೆಗೆಸಿ ಕೈಯಲ್ಲಿ ಹಿಡಿದಿದ್ದರು.

"ಒಬ್ಬನಿಗೆ ಇಪ್ಪತ್ತು, ಇನ್ನೊಬ್ಬರಿಗೆ ಅರವತ್ತು. ತಲೆ ಪೂರಾ ಬೆಳ್ಳಗಾಗಿದೆ. ಇದನ್ನ ನೋಡಿ ಹೇಳು, ನಿನಗೆ ಹೆಂಗೆ ತಪ್ಪಿತು?"

"ಗೊತ್ತಾಗ್ಲಿಲ್ಲ ಸಾರ್. ಅವಸರದಲ್ಲಿ..."

"ವಿಲಾಸಿನೀ, ನಾನು ಫೋಟೋ ಇಲ್ಲಿ ಹಿಡಿದಿದ್ದೀನಿ."

ಅವಳು ಕತ್ತು ಹೊರಳಿಸಿದಳು. ಅಲ್ಲೂ ಇರಲಿಲ್ಲ. ಕಾಗದದ ಸರಸರ ಎಲ್ಲಿಂದ ಬಂತೆಂದು ಹುಡುಕುತ್ತ ಮತ್ತೊಮ್ಮೆ ಹೊರಳಿಸಿದಳು.

"ಪಡಚ್ಚೋನೇ" ಎಂದು ದೇವರನ್ನು ನೆನೆದು ಕೋಯ ಸಾರ್ ಕುರ್ಚಿಗೆ ಕುಸಿದರು.

ಶೈಜು ಅವಳ ಮೊಣಕೈ ಹಿಡಿದು ಹೊರಗೆ ಕರೆತಂದ. ಮೆಟ್ಟಿಲ ಹತ್ತಿರ ನಿಂತು, "ನನಗೆ ಹೇಳಬಹುದಿತ್ತಲ್ಲ ಚೇಚಿ" ಎಂದ. "ನಾನು ನೋಡಿ ಹೇಳ್ತಿರ್ಲಿಲ್ವಾ? ದಿನಾ ಪಕ್ಕದಲ್ಲೇ ಸಾಯ್ತಿರ್ತೀನಲ್ಲ?"

ಮರುದಿನ ಪತ್ರಿಕೆ ವಿಷಾದ ಪ್ರಕಟಿಸಿತು. ಅವಳನ್ನು ತೆಗೆದುಹಾಕಲಿಲ್ಲ, ಫೋನಿನ ಮೇಜಿಗೆ ಹಾಕಿದರು. ಜನ ಫೋನಿನಲ್ಲಿ ಹೇಳುವ ವಾರ್ತೆಗಳನ್ನು ಕೇಳಿ ಟೈಪ್ ಮಾಡುವುದು. ಈಗ ಮುಚ್ಚುಮರೆ ಇಲ್ಲ. ಇಯರ್‌ಫೋನು ಎಲ್ಲರ ಎದುರಿಗೇ. ಹುಡುಗಿಯರು ಅವಳ ಮುಂದೆಯೇ ಶೈಜುವನ್ನು ಕೇಳಿದರು: "ಚೇಚಿ ಚಹಾ ಕುಡಿದ್ರಾ?" ಅವಳು ಕುರ್ಚಿಗೊರಗಿ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

ಒಂದು ಭಾನುವಾರ ರಘೂತ್ತಮನ್ ಕೈ ಹಿಡಿದು ಅವಳು ಪಯ್ಯೋಳಿಗೆ ಹೋದಳು. ನಿಜೀಷ್ ಬಾಗಿಲಿಗೆ ಬಂದ. ಆಟ ಬಿಟ್ಟು ತಾಯಿಯ ಬಳಿಯೇ ಉಳಿದಿದ್ದ. ಯಾರೆಂದು ತಿಳಿದ ಮೇಲೂ ಒಳಗೆ ಕರೆದು ಕೂರಿಸಿದ. ಮಂಚದ ಪಕ್ಕ ಕೂತ ವಿಲಾಸಿನಿಗೆ ಜಾನುವಿನ ಉಸಿರು ಕೇಳುತ್ತಿತ್ತು, ಮೈಗೆ ಹಚ್ಚಿದ ತೈಲದ ವಾಸನೆ ಬರುತ್ತಿತ್ತು. ತಡಕಾಡಿ ಜಾನುವಿನ ಕೈ ಹಿಡಿದಳು. ಆ ಕೈ ತಣ್ಣಗಿತ್ತು, ಹಿಡಿತವಿರಲಿಲ್ಲ; ಬಿದ್ದುಹೋದ ಬದಿಯದೆಂದು ಆಮೇಲೆ ಹೊಳೆಯಿತು.

"ನನ್ನಿಂದ ಆದದ್ದು ಅಮ್ಮಾ" ಎಂದಳು. ಜಾನುವಿನ ಗಂಟಲಲ್ಲಿ ಏನೋ ಸದ್ದಾಯಿತು. ಶಾಪವೋ ಸಮಾಧಾನವೋ, ಮಗನಿಗೂ ತಿಳಿಯಲಿಲ್ಲ.

ಹೊರಡುವಾಗ ನಿಜೀಷ್ ಗೇಟಿನ ತನಕ ಬಂದ. "ನೀವು ಬಂದಿದ್ದು ಸರಿ ಚೇಚಿ. ಆದ್ರೆ ಇನ್ನು ಬರ್ಬೇಡಿ. ನೀವು ಕೂತಿದ್ದಷ್ಟು ಹೊತ್ತೂ ಅಮ್ಮನ ಕಣ್ಣಲ್ಲಿ ನೀರು ಇಳೀತಾ ಇತ್ತು. ನಿಮಗೆ ಅದು ಕಾಣ್ಲಿಲ್ಲ."

ಕರ್ಕಾಟಕ ಮಾಸದ ಮಳೆಯಲ್ಲಿ, ಒಂದು ಬೆಳಿಗ್ಗೆ ಫೋನಿನ ಮೇಜಿಗೆ ಕರೆ ಬಂತು. "ಪಯ್ಯೋಳಿಯಿಂದ. ಒಂದು ನಿಧನ ವಾರ್ತೆ ಇತ್ತು" ಎಂದಿತು ಆ ಕಡೆಯ ದನಿ. ವಿಲಾಸಿನಿಗೆ ಕೂಡಲೇ ಗುರುತು ಸಿಕ್ಕಿತು. ಅವನಿಗೂ ಸಿಕ್ಕಿರಬೇಕು.

"ಹೇಳು ಮೋನೇ" ಎಂದಳು, ಮಗನಿಗೆ ಹೇಳುವ ಹಾಗೆ.

ಅವನು ಹೇಳಿದ. ತಾಯಿಯ ಹೆಸರು, ವಯಸ್ಸು, ಸಂಸ್ಕಾರದ ಹೊತ್ತು. ಅವಳು ಟೈಪ್ ಮಾಡಿ, ದನಿ ಓದಿದ್ದನ್ನು ಅಕ್ಷರ ಅಕ್ಷರವಾಗಿ ಕೇಳಿ, ಅವನಿಗೆ ಮತ್ತೆ ಒಪ್ಪಿಸಿದಳು.

"ಸರಿಯಾಗಿದೆ" ಎಂದ ಅವನು. "ಫೋಟೋ ಬೇಡ."

ಅವಳು ಅದನ್ನೂ ಬರೆದುಕೊಂಡು ಶೈಜುವಿಗೆ ಕೊಟ್ಟಳು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಗಂಡ ಕರೆದೊಯ್ಯಲು ಬಂದಾಗ, "ಜಾನು ಅಮ್ಮ ಹೋದ್ರು" ಎಂದಷ್ಟೇ ಹೇಳಿದಳು. ರಘೂತ್ತಮನ್ ಕೊಡೆ ಬಿಚ್ಚಿ ಅವಳ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡ.

ಮುಂದಿನ ವರ್ಷ ಕೊಳವೆಯ ಕೊನೆಯ ಬೆಳಕೂ ಆರಿತು. ವಿಲಾಸಿನಿ ಈಗಲೂ ಆ ಫೋನಿನ ಮೇಜಿನಲ್ಲೇ ಇದ್ದಾಳೆ. ಶನಿವಾರ ಮಾಷ್ ಅವರ ಕೋಣೆಗೆ ಹೋಗಿ ಹೊಸದಾಗಿ ಬಂದವರ ಪಕ್ಕ ಕೂರುತ್ತಾಳೆ, ಆ ಒಂದು ಸಾಲನ್ನು ಅವರ ಬೆರಳಿಗೆ ಹತ್ತಿಸುತ್ತಾಳೆ. ನಗು ಮಾತ್ರ ಕಡಿಮೆಯಾಗಿದೆ ಎಂದು ಶೈಜು ಹೇಳುತ್ತಾನೆ. ಟಿಕೆಟ್ ಹರಿಯುವ ತಮಾಷೆಯನ್ನು ಅವನೂ ಬಿಟ್ಟು ಬಹಳ ದಿನವಾಯಿತು.