ಇನ್ನೊಂದು ಚಿಟಿಕೆ ಉಪ್ಪು

ಬೆಳಿಗ್ಗೆ ಬೇಗ ಏಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಹಾಲಿನವನು, ಪೇಪರಿನವನು ಎದ್ದರೆ ಸರಿ, ಅದು ಹೊಟ್ಟೆಪಾಡು. ಯಾರ ಬಲವಂತವೂ ಇಲ್ಲದೆ ಐದಕ್ಕೆ ಎದ್ದು, ಬಿಸಿನೀರು ಕುಡಿದು, ಹಲಸೂರು ಕೆರೆಯ ಪಕ್ಕ ಕೈ ಬೀಸಿಕೊಂಡು ನಡೆದು ಬಂದು, ಸಿಕ್ಕವರಿಗೆಲ್ಲ ನಗುವವರ ವಿಷಯ ಬೇರೆ. ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಅನಿಸುತ್ತದೆ. ಹೀಗಿರುವಾಗ ನನ್ನ ಸ್ವಂತ ತಮ್ಮ ಮಂಜನೇ ಒಂದು ದಿನ ಐದಕ್ಕೆ ಎದ್ದು ಬಿಸಿನೀರು ಕೇಳಿದ. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅನುಮಾನ ಇನ್ನೂ ಹೆಚ್ಚಾಯಿತು.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಾವಿಬ್ಬರೇ ಇರುವುದು. ಅಮ್ಮ ಮಾಡುತ್ತಿದ್ದ ದೋಸೆ ಹಿಟ್ಟಿನ ವ್ಯಾಪಾರವನ್ನು ಅವಳು ಹೋದ ಮೇಲೆ ನಾನು ಮುಂದುವರಿಸಿದ್ದೇನೆ. ಮಂಜ ಮಾಡಿ ಬಿಟ್ಟ ಕೆಲಸಗಳ ಹೆಸರು ಅವನಿಗೇ ನೆನಪಿಲ್ಲ. ಈಗ ಫೋನಿನ ವಿಡಿಯೋದಲ್ಲಿ ಯಾರೋ ಮಾತಾಡುವುದನ್ನು ಕೇಳಿ ಬದಲಾಗಲು ಹೊರಟಿದ್ದ.

"ಅಕ್ಕ, ದೊಡ್ಡದೇನೂ ಮಾಡೋದ್ ಬೇಡ. ದಿನಾ ಒಂದೊಂದ್ ಚೂರು, ಅಷ್ಟೇ. ವರ್ಷದಲ್ಲಿ ಎಲ್ಲಿಗೋ ಹೋಗ್ಬಿಡ್ತೀವಿ."

"ನೀನು ಹೋಗ್ತಾನೇ ಇದೀಯಲ್ಲೋ, ಒಂದೊಂದ್ ಕೆಲಸ ಬಿಟ್ಟು," ಎಂದೆ.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಗಾದೆಗಳು ಗೊತ್ತು. ಹನಿಗೂಡಿದರೆ ಹಳ್ಳ ಎಂದವರು ಹಿರಿಯರೇ, ಹುಟ್ಟುಗುಣ ಸುಟ್ಟರೂ ಹೋಗದು ಎಂದವರೂ ಅವರೇ. ಯಾವುದು ನಿಜವಾದರೂ ತಮ್ಮ ಮಾತು ಉಳಿಯಲಿ ಎಂದು ಎರಡನ್ನೂ ಹೇಳಿಟ್ಟು ಹೋಗಿರಬೇಕು. ಮಂಜನಿಗೆ ಹಳ್ಳದ ಗಾದೆ ಹಿಡಿಸಿತ್ತು, ನನಗೆ ಸುಡುವ ಗಾದೆ.

ಅವನು ದಿನಾ ಸಂಜೆ ತಾನೇ ಹಿಟ್ಟು ರುಬ್ಬಿ ಕಲಸುತ್ತೇನೆ ಎಂದ. ಅಕ್ಕಿ ನೆನೆಸಿದ, ಉದ್ದು ತೊಳೆದ, ಗ್ರೈಂಡರ್ ಹಾಕಿದ, ಕೊನೆಗೆ ಕಲ್ಲುಪ್ಪು ಹಾಕಿ ಕೈಯಲ್ಲಿ ಕಲಸಿದ. ಎಲ್ಲ ಅಮ್ಮನ ಹಾಗೇ. ಗ್ಯಾಸ್ ಆರಿಸಲು ಮರೆಯುವವನು, ಬಾಗಿಲಿಗೆ ಬೀಗ ಹಾಕಲು ಮರೆಯುವವನು ಉಪ್ಪಿನ ಅಳತೆಯನ್ನು ನೆನಪಿಟ್ಟುಕೊಂಡಾನೆಯೇ? ರುಚಿ ನೋಡಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಅದು ಆಗದು. ನಾಲ್ಕು ಜನರಿಗೆ ಮಾರುವ ಹಿಟ್ಟನ್ನು ಎಂಜಲು ಮಾಡಬಾರದು ಎಂದು ಅಮ್ಮ ಕಟ್ಟುನಿಟ್ಟು ಮಾಡಿದ್ದಳು. ಉಪ್ಪು ಏನಿದ್ದರೂ ಕೈಯ ಲೆಕ್ಕ, ಆ ಕೈಯ ಮೇಲಿನ ನಂಬಿಕೆ. ನನಗೆ ಅದೇ ಇರಲಿಲ್ಲ. ಅವನು ಗ್ರೈಂಡರ್ ಕಲ್ಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಇನ್ನೊಂದು ಚಿಟಿಕೆ ಉಪ್ಪು ಹಾಕಿ ಕಲಸಿದೆ. ನನ್ನ ಚಿಟಿಕೆ ಐದೂ ಬೆರಳಿನದು.

ಮಾರನೆಯ ದಿನ ಪಕ್ಕದ ಮನೆಯ ಸೆಲ್ವಿ ಬಾಗಿಲಿಗೇ ಬಂದಳು. "ಏನಕ್ಕಾ, ಸಮುದ್ರದ ನೀರಲ್ಲಿ ರುಬ್ಬಿದ್ರಾ? ನಮ್ಮ ಯಜಮಾನ್ರಿಗೆ ಬಿಪಿ ಇದೆ!"

ನಾನು ಒಳಗೆ ತಿರುಗಿ ಮಂಜನನ್ನು ಬೈದೆ. ಹೌದು, ಅವನನ್ನೇ. ಅವನು ಎದುರಾಡದೆ ಅಂದು ಉಪ್ಪು ಕಡಿಮೆ ಮಾಡಿದ. ತೀರಾ ಕಡಿಮೆ ಮಾಡಿರುತ್ತಾನೆ ಎಂದು ನಾನು ಸ್ವಲ್ಪ ಹೆಚ್ಚೇ ಹಾಕಿದೆ. ಮತ್ತೆ ದೂರು ಬಂತು, ಅವನು ಮತ್ತೆ ಇಳಿಸಿದ, ನಾನು ಮತ್ತೆ ಏರಿಸಿದೆ. ಹೀಗೇ ನಡೆದು ನಡೆದು, ಅವನದು ಚಿಟಿಕೆಗೆ ಇಳಿದು ನನ್ನದು ಹಿಡಿಗೆ ಏರಿದಾಗ, ರುಚಿ ಸರಿಯಾಗಿ ಕೂತುಬಿಟ್ಟಿತು. ಜನ ಹೊಗಳಿದರು.

"ನೋಡ್ದ್ಯಾ ಅಕ್ಕ, ದಿನಾ ಮಾಡ್ತಾ ಮಾಡ್ತಾ ಕೈ ಕೂತ್ಕೊಳ್ತು," ಎಂದು ಮಂಜ ಅಂಗೈ ಚಾಚಿ ತೋರಿಸಿದ. ಮುಖದಲ್ಲಿ ಅಂಥ ಬೆಳಕನ್ನು ನಾನು ಅವನಿಗೆ ಮೀಸೆ ಬಂದ ಮೇಲೆ ಕಂಡಿರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಕಗ್ಗದಾಸಪುರದಲ್ಲಿ ಹೊಸದಾಗಿ ಮೆಸ್ ಇಟ್ಟವರೊಬ್ಬರನ್ನು ಅವನೇ ಹುಡುಕಿ, ಹಿಟ್ಟು ತಂದುಕೊಡುತ್ತೇನೆ ಎಂದು ಒಪ್ಪಿಸಿದ್ದ. ಮೊದಲ ಸಲ ಒಯ್ಯಬೇಕಿದ್ದ ಹಿಂದಿನ ದಿನ ನಾನು ಕೆ.ಆರ್. ಪುರದ ನಂಟರ ಗೃಹಪ್ರವೇಶಕ್ಕೆ ಹೋಗಿ ಅಲ್ಲೇ ಉಳಿದೆ. ಮಂಜ ಒಬ್ಬನೇ ರುಬ್ಬಿದ, ಒಬ್ಬನೇ ಕಲಸಿದ, ತನ್ನ ಪಾಲಿನ ಚಿಟಿಕೆ ಹಾಕಿ ಒಬ್ಬನೇ ಒಯ್ದ. ಮೆಸ್ಸಿನವರು ಮೊದಲ ದೋಸೆ ಮುರಿದು ಬಾಯಿಗಿಟ್ಟು ಕೇಳಿದರಂತೆ: "ಏನ್ ಗುರು, ಉಪ್ಪು ತರೋಕ್ ಹೋದೋರು ಇನ್ನೂ ಬಂದಿಲ್ವಾ?" ಆದರೂ ಒಳ್ಳೆಯವರು. ಭಾನುವಾರ ಇನ್ನೊಮ್ಮೆ ತಂದು ತೋರಿಸಲು ಹೇಳಿ ಕಳಿಸಿದ್ದರು.

ನಾನು ಮನೆಗೆ ಬಂದಾಗ ಮಂಜ ಗೋಡೆ ಕಡೆ ತಿರುಗಿ ಮಲಗಿದ್ದ. "ದಿನಾ ಮಾಡಿದ್ರೆ ಬರತ್ತೆ ಅನ್ನೋದೆಲ್ಲ ಸುಳ್ಳು ಅಕ್ಕ. ಬರೋರಿಗೆ ಬರತ್ತೆ. ಭಾನುವಾರ ನಾನು ಹೋಗಲ್ಲ."

ನಾನು ಮೊದಲಿನಿಂದ ಹೇಳುತ್ತಿದ್ದ ಮಾತೇ ಅದು. ಅವನ ಬಾಯಲ್ಲಿ ಕೇಳಿದಾಗ ಅದು ನಿಜವಲ್ಲವೆಂದು ಗೊತ್ತಾಯಿತು. ಅವನು ಎಂದೋ ಕಲಿತಿದ್ದ. ಕಲಿತಿದ್ದನ್ನು ದಿನಾ ಒಂದೊಂದು ಚಿಟಿಕೆ ಕೆಡಿಸಿದವಳು ನಾನು. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ. ಒಂದೇ ಅಡುಗೆಮನೆಯಲ್ಲಿ ಅವನು ಹಾಡುತ್ತಿದ್ದ, ನಾನು ನರಳುತ್ತಿದ್ದೆ.

ಗಟ್ಟಿ ಮನಸ್ಸು ಮಾಡಿ ಎಲ್ಲ ಹೇಳಿದೆ. ಅವನು ಎದ್ದು ಕೂತು ನನ್ನ ಮುಖ ನೋಡಿದ.

"ಸುಮ್ನಿರಕ್ಕ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

"ಸೋಮೇಶ್ವರನಾಣೆ ಕಣೋ!"

"ದೇವ್ರನ್ನ ಯಾಕ್ ಎಳೀತೀಯ ಮಧ್ಯೆ?"

ನಿಜ ಹೇಳಿದರೂ ನಂಬದ ಕಣ್ಣುಗಳ ಎದುರು ಕೂತಿರುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ಅವನು ಇಷ್ಟು ದಿನ ನನ್ನೆದುರು ಹಾಗೇ ಕೂತಿದ್ದ, ಪಾಪ. "ಮೊದಲ್ನೇ ದಿನ ಎಷ್ಟ್ ಹಾಕಿದ್ದೆ?" ಎಂದು ಕೇಳಿದೆ.

"ಅಮ್ಮ ಹಾಕ್ತಿದ್ದಷ್ಟು."

"ಅದೇ ಸರಿ ಇತ್ತು."

ಅವನು ತನ್ನ ಅಂಗೈ ನೋಡಿಕೊಂಡ. "ಮತ್ತೆ ಸೆಲ್ವಿಯಕ್ಕ ಬಂದಾಗ ನನ್ನ್ ಬೈದ್ಯಲ್ಲ?" ಎಂದ.

ಶನಿವಾರ ಸಂಜೆ ನಾನು ಹೇಳದೆಯೇ ಅವನು ಗ್ರೈಂಡರ್ ಹಾಕಿದ. ಉಪ್ಪಿನ ಜಾಡಿ ತೆಗೆಯುವ ಮುಂಚೆ "ಅಕ್ಕ, ಹೊರಗ್ ನಡಿ," ಎಂದ. ಹೋದೆ. ಮೆಟ್ಟಿಲ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವುಗಳ ಮೇಲೂ ನನಗೆ ಅನುಮಾನವೇ.

ಭಾನುವಾರ ಮಧ್ಯಾಹ್ನ ಮಂಜ ಖಾಲಿ ಪಾತ್ರೆ ಹಿಡಿದು ಬಂದ. "ನಾಳೆಯಿಂದ ದಿನಾ ಬೇಕಂತೆ," ಎಂದು ಹೇಳಿ, ಏನೂ ಆಗದವನ ಹಾಗೆ ಅಕ್ಕಿ ಅಳೆಯತೊಡಗಿದ. ನನಗೆ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ಪಾತ್ರೆಯ ತಳ ನೋಡಿದೆ. ದಾರಿಯಲ್ಲೆಲ್ಲಾದರೂ ಚೆಲ್ಲಿ ಬಂದಿರಬಹುದೇ?

ಕೇಳಲಿಲ್ಲ. ನುಂಗಿಕೊಂಡೆ. ಅಭ್ಯಾಸ ಹೊಸದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾಳೆಯೂ ನುಂಗಿ ನೋಡಬೇಕು.