ಹಸಿ ಗೊಬ್ಬರ, ಎಳೆ ಸಸಿ

ಕುರಿಗೊಬ್ಬರಕ್ಕೆ ನೀರು ಬಿದ್ದಾಗ ಏಳುವ ಘಾಟು ನಿಮಗೆ ಹಿಡಿಸದೆ ಹೋಗಬಹುದು. ನನಗೆ ಮಾತ್ರ ಅದು ಮನೆಯ ವಾಸನೆ. ಎರಡು ವಾರದ ಹಿಂದೆ ಹೊಸದುರ್ಗದ ಈ ತಾರಸಿಯ ಮೇಲೆ ಕುಂಡಗಳಿಗೆ ನೀರು ಹಾಕುತ್ತಿದ್ದ ಹಾಗೇ ಘಾಟು ಎದ್ದಿತು. ಜವನಗೊಂಡನಹಳ್ಳಿ ಹತ್ತಿರದ ನಮ್ಮ ಹಳೇ ಮನೆ, ಹಿತ್ತಿಲ ಕುರಿರೊಪ್ಪ, ಅದರ ಮಗ್ಗುಲಲ್ಲಿ ಅಜ್ಜಿಯ ಮೆಣಸಿನ ಸಸಿಮಡಿ, ಎಲ್ಲ ಕಣ್ಣ ಮುಂದೆ ಬಂದು ನಿಂತವು. ಆಗಲೇ ಕಂಡಿದ್ದು, ಸಸಿಗಳ ಎಲೆಯಂಚು ಸುಟ್ಟ ಹಾಗೆ ಕಂದಿತ್ತು. ಅವು ಅಜ್ಜಿಯ ಮೆಣಸಿನಕಾಯಿಯ ಸಸಿಗಳು. ಗಿಡ್ಡ ಕಾಯಿ, ದಪ್ಪ ಸಿಪ್ಪೆ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಆ ಬೀಜ ನನ್ನನ್ನು ಬಿಟ್ಟರೆ ಇನ್ಯಾರ ಹತ್ತಿರವೂ ಇರಲಿಲ್ಲ. ಇದ್ದ ಕೊನೆಯ ಚಿಟಿಕೆಯನ್ನೂ ಈ ಸಲ ಬಿತ್ತಿಬಿಟ್ಟಿದ್ದೆ. ಇವು ಹೋದರೆ ಅಜ್ಜಿಯ ಮೆಣಸಿನಕಾಯಿ ಅಲ್ಲಿಗೆ ಮುಗಿಯಿತು.

ಇಂಥ ಎಲೆಯನ್ನು ನಾನು ಮೊದಲು ಕಂಡಿದ್ದೂ ಅಜ್ಜಿಯ ಮಡಿಯಲ್ಲೇ. ಕುರಿ ಸಾಕಿದ ಮನೆ ನಮ್ಮದು, ಗೊಬ್ಬರದ ವಿಷಯದಲ್ಲಿ ಜಂಬ ಸ್ವಲ್ಪ ಜಾಸ್ತಿ. ಊರವರೆಲ್ಲ ಪುಟ್ಟಿ ಹಿಡಿದು ಕೇಳಿಕೊಂಡು ಬರುವಾಗ ಮನೆಯ ಮಡಿಗೆ ಕಮ್ಮಿ ಮಾಡುವುದುಂಟೇ ಎಂದು ಚಿಕ್ಕಪ್ಪ ಆ ವರ್ಷ ರೊಪ್ಪದಿಂದ ಆಗಷ್ಟೇ ಗುಡಿಸಿದ ಹಿಕ್ಕೆಯನ್ನು ಧಾರಾಳವಾಗಿ ಸುರಿದಿದ್ದ. ಎಲೆ ಕಂದಿದಾಗ "ನೀರು ಸಾಲ್ದು ಕಣವ್ವ" ಎಂದು ಕೊಡ ಹೊತ್ತು ತಂದವನೂ ಅವನೇ. ಅಜ್ಜಿ ಒಂದು ಹನಿ ಹಾಕಗೊಡಲಿಲ್ಲ. ಮಣ್ಣಿಗೆ ಬೆರಳಿಟ್ಟಳು, ತಂಪಾಗೇ ಇತ್ತು. ಎಲೆ ಮಗುಚಿ ನೋಡಿದಳು, ಹುಳ ಇರಲಿಲ್ಲ. ಬುಡದ ಎಲೆ ಹಳದಿಯಾದರೆ ಗಿಡಕ್ಕೆ ಹಸಿವು ಅನ್ನುತ್ತಿದ್ದಳು. ಇಲ್ಲಿ ಹಳದಿಯೂ ಇಲ್ಲ, ಅಂಚಷ್ಟೇ ಸುಟ್ಟಿತ್ತು. ಒಂದು ಸಸಿ ಕಿತ್ತಳು. ಬೆಳ್ಳಗಿರಬೇಕಾದ ಬೇರು ಕಪ್ಪಾಗಿತ್ತು.

"ಲೇ, ನಿನ್ನ ಹಸಿ ಗೊಬ್ಬರಾನೇ ಇದ್ನ ತಿಂತಾ ಐತೆ."

ಚಿಕ್ಕಪ್ಪನಿಗೆ ರೇಗಿತು. "ಕುರಿ ಗೊಬ್ಬರಕ್ಕೆ ಗಿಡ ಸಾಯ್ತೈತೇನವ್ವ? ಊರು ನಗ್ತೈತೆ."

"ನಗ್ಲಿ ಬಿಡು. ಗೊಬ್ಬರ ಹಳೇದಾಗ್ಲಿ, ಆಮ್ಯಾಲೆ ಮಡಿಗೆ ಕರ್ಕಂಡು ಬರಾಣ" ಎಂದು ಅಜ್ಜಿ ಸೆರಗು ಸಿಕ್ಕಿಸಿ ಕೂತಳು. ಹೊತ್ತು ಮುಳುಗುವವರೆಗೂ ಒಂದೊಂದೇ ಸಸಿ ಎಬ್ಬಿಸಿ, ಬೇರಿಗಂಟಿದ್ದ ಗೊಬ್ಬರ ತೊಳೆದು, ಬೇಲಿಯಾಚೆಯ ಬರೀ ಕೆಮ್ಮಣ್ಣಿಗೆ ನೆಟ್ಟಳು. ನೀರು ಹೊತ್ತವನು ಚಿಕ್ಕಪ್ಪನೇ. ಸುಮಾರು ಸಸಿ ಸತ್ತವು. ಉಳಿದವುಗಳಿಂದ ಬಂದ ಬೀಜವನ್ನೇ ಮನೆಯವರು, ಆಮೇಲೆ ನಾನು, ವರ್ಷಾ ವರ್ಷಾ ಬೆಳೆದುಕೊಂಡು ಬಂದೆವು.

ಈಗ ಅಜ್ಜಿಯಿಲ್ಲ, ಚಿಕ್ಕಪ್ಪನಿಲ್ಲ. ಕುರಿಗಳನ್ನು ಮಾರಿ ಎಷ್ಟೋ ಕಾಲವಾಯಿತು, ರೊಪ್ಪದ ಜಾಗದಲ್ಲಿ ಯಾರದ್ದೋ ಗೋಡೌನು ಎದ್ದಿದೆ. ಊರಾಚೆ ಮಂದೆ ನಿಲ್ಲಿಸಿದ್ದವರ ಹತ್ತಿರ ನಾನು ಒಂದು ಚೀಲ ಗೊಬ್ಬರ ಕೇಳಿ ತಂದಿದ್ದು ಗಿಡಕ್ಕೆ ಅಂತಲ್ಲ, ನಿಜ ಹೇಳಬೇಕೆಂದರೆ ಆ ವಾಸನೆಗೆ. ಹಸಿ ಅಂತ ಗೊತ್ತಿದ್ದೂ ಎರಡೂ ಕೈಯಲ್ಲಿ ಬಾಚಿ ಹಾಕಿದ್ದೆ. ಅಷ್ಟು ಆಸೆಯಾಗಿತ್ತು ನನಗೆ. ಅಳುತ್ತ ಕೂತರೆ ಸಸಿ ಬದುಕುವುದಿಲ್ಲ. ಸೆರಗು ಸಿಕ್ಕಿಸಿ ಕೂತೆ. ಎಲ್ಲವನ್ನೂ ಎಬ್ಬಿಸಿ, ಬೇರು ತೊಳೆದು, ಬರೀ ಮಣ್ಣಿಗೆ ನೆಟ್ಟು ನೆರಳಿಗಿಟ್ಟೆ. ಕೆಲವು ಬಾಡಿ ಹೋದವು. ಇವತ್ತು ಬೆಳಿಗ್ಗೆ ಒಂದು ಸಸಿಯ ಸುಳಿಯಲ್ಲಿ ಹೊಸ ಎಲೆ ಬಿಟ್ಟಿದೆ, ಒಂದು ಕಲೆಯಿಲ್ಲ. ಬಗ್ಗಿ ಮೂಸಿದೆ. ಬರೀ ಮಣ್ಣಿನ ವಾಸನೆ, ನಮ್ಮ ಮನೆಯದ್ದು ಎಲ್ಲೂ ಇಲ್ಲ. ಗೊಬ್ಬರದ ಚೀಲವನ್ನು ಬಾಯಿ ಕಟ್ಟಿ ಮೆಟ್ಟಿಲ ಕೆಳಗಿಟ್ಟಿದ್ದೇನೆ. ಹಳೇದಾಗಲಿ.